ಅಣ್ಣನ ಡಬ್ಬಿ, ಅವ್ವನ ಚರಗ

ನಮ್ಮ ಅಡಿಗೆಮನೆಯ ರೊಟ್ಟಿ ಡಬ್ಬಿಗೆ ಒಂದು ನೆಗ್ಗು ಇದೆ. ಮುಚ್ಚಳಕ್ಕೆ ಸ್ವಲ್ಪ ಕೆಳಗೆ, ಅಂಗೈ ಇಟ್ಟರೆ ಸರಿಯಾಗಿ ಕೂಡುವಷ್ಟು. ನೆಗ್ಗಿದಾಗಿನಿಂದ ಮುಚ್ಚಳ ಬಿಗಿಯಾಗುವುದಿಲ್ಲ. ಬೆಳಿಗ್ಗೆ ಕಟಿಕಟಿ ಎನ್ನುತ್ತಿದ್ದ ಸಜ್ಜೆರೊಟ್ಟಿಯನ್ನು ಸಂಜೆಯ ಹೊತ್ತಿಗೆ ಕರವಸ್ತ್ರದಂತೆ ಮಡಚಬಹುದು. ನಮ್ಮ ಮನೆಯವರಿಗೆ ಗಜೇಂದ್ರಗಡದ ಪೇಟೆಯಲ್ಲಿ ಸೀರೆಯಂಗಡಿ. ಪಾತ್ರೆಯಂಗಡಿ ಅವರ ಅಂಗಡಿಯ ಎದುರಿಗೇ ಇದೆ. "ಬರೋವಾಗ ಒಂದ ಹೊಸಾ ಡಬ್ಬಿ ತರ್ಲೇನು?" ಎಂದು ಅವರು ಕೇಳುತ್ತಲೇ ಇರುತ್ತಾರೆ, ನಾನು ಬೇಡ ಎನ್ನುತ್ತಲೇ ಇರುತ್ತೇನೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಮಾತಾಡಲು ಏನಾದರೂ ಒಂದು ವಿಷಯ ಇರಬೇಕಲ್ಲ.

ಆ ಡಬ್ಬಿಯನ್ನು ನೆಗ್ಗಿಸಿದವನು ನಮ್ಮ ಅಣ್ಣ. ಅವನು ಬೆಳಗಾವಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರೊಫೆಸರು. ಅವನ ವಿಷಯದ ಹೆಸರನ್ನು ಒಂದೇ ಉಸಿರಿಗೆ ಹೇಳಲು ನನಗೆ ಬಹಳ ವರ್ಷ ಬೇಕಾದವು: ಕಂಪ್ಯೂಟೇಶನಲ್ ಇಲೆಕ್ಟ್ರೋಮ್ಯಾಗ್ನೆಟಿಕ್ಸ್. ವಿದ್ಯುತ್ತು, ಅಯಸ್ಕಾಂತ, ರೇಡಿಯೋ ಅಲೆ, ಬೆಳಕು ಇವೆಲ್ಲ ಒಂದೇ ಮನೆತನದವಂತೆ. ಅವು ಎಲ್ಲಿ ನುಗ್ಗುತ್ತವೆ, ಎಲ್ಲಿ ತಡೆದು ನಿಲ್ಲುತ್ತವೆ, ಯಾವುದಕ್ಕೆ ಬಡಿದು ಹಿಂದಿರುಗುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವನ ಉದ್ಯೋಗ. ಪ್ರೊಫೆಸರು ಡಬ್ಬಿ ಯಾಕೆ ನೆಗ್ಗಿಸಿದ ಎಂದು ಕೇಳುತ್ತೀರಿ. ಹೇಳುತ್ತೇನೆ. ಆದರೆ ನೆಟ್ಟಗೆ ಹೇಳಲು ನನಗೆ ಬರುವುದಿಲ್ಲ. ಆ ದಿನದ ಹತ್ತಿರಕ್ಕೆ ಹೋದಂತೆಲ್ಲ ನನ್ನ ಮನಸ್ಸು ಬೇರೆ ಕಡೆ ಓಡುತ್ತದೆ. ನಾನು ಅಂಗಡಿಯಲ್ಲಿ ಕೂತಾಗ ನಮ್ಮ ಮನೆಯವರು ಗಿರಾಕಿಯ ಮುಂದೆ ಮಡಿಕೆ ಸೀರೆಯನ್ನು ಫಟ್ಟೆಂದು ಝಾಡಿಸಿ ಬಿಡಿಸುತ್ತಾರೆ. ಮೊದಲು ಆ ಸದ್ದು ನನಗೆ ಕೇಳಿಸುತ್ತಲೇ ಇರಲಿಲ್ಲ. ಈಗ ಪ್ರತಿ ಸೀರೆಗೂ ಕೂತಲ್ಲೇ ಒಂದು ಗೇಣು ಹಾರುತ್ತೇನೆ. "ಅಕ್ಕಾರಿಗೆ ಸೀರಿ ಭಾಳ ಮನಸಿಗೆ ಬಂದಂಗೈತಿ" ಎಂದು ಒಬ್ಬಾಕೆ ಗಿರಾಕಿ ನಕ್ಕಳು.

ಇರಲಿ. ನರಗುಂದದಿಂದ ಶುರು ಮಾಡುತ್ತೇನೆ.

ನರಗುಂದದಲ್ಲಿ ನಮ್ಮ ಸೋದರಮಾವನ ಕಾಳಿನಂಗಡಿ ಇತ್ತು. ಮನೆ ಗುಡ್ಡದ ಬುಡಕ್ಕೇ. ಬೇಸಿಗೆ ರಜೆ ಬಂತೆಂದರೆ ನಾನೂ ಅಣ್ಣನೂ ಅವ್ವನ ಜೊತೆ ನಮ್ಮೂರು ಪುರ್ತಗೇರಿಯಿಂದ ಅಲ್ಲಿಗೆ ಹೋಗುತ್ತಿದ್ದೆವು. ಮಾವನ ಹತ್ತಿರ ಒಂದು ರೇಡಿಯೋ. ಅದು ಗುಡ್ಡದ ಕಡೆಯ ಗೋಡೆಗೆ ಇಟ್ಟರೆ ಕೆಮ್ಮುತ್ತಿತ್ತು, ಬೀದಿಯ ಕಡೆಯ ಕಿಟಕಿಗೆ ಇಟ್ಟರೆ ಹಾಡುತ್ತಿತ್ತು. ನಮಗೆಲ್ಲ ಹಾಡು ಕೇಳಿದರೆ ಸಾಕು. ಅಣ್ಣನಿಗೆ ಮಾತ್ರ ಅದು ಎಲ್ಲಿ ಕೇಳುವುದಿಲ್ಲ ಎಂಬುದು ಬೇಕಿತ್ತು. ಉರಿಯುವ ಒಲೆಯ ಹತ್ತಿರ, ಎಮ್ಮೆಯ ಹಿಂದೆ, ಮಲಗಿದ ಮಾವನ ಹೊಟ್ಟೆಯ ಮೇಲೆ, ಎಲ್ಲ ಕಡೆ ಇಟ್ಟು ನೋಡಿದ. ಕೊನೆಗೆ ಅಂಗಡಿಯ ಹಿಂದೆ ಖಾಲಿಯಾಗಿ ನಿಂತಿದ್ದ ಆಳೆತ್ತರದ ತಗಡಿನ ಕಣಜ ಅವನ ಕಣ್ಣಿಗೆ ಬಿತ್ತು. ರೇಡಿಯೋವನ್ನು ಅದರೊಳಗೆ ಇಳಿಸಿ ಮುಚ್ಚಳ ಹಾಕಿದ. ಹಾಡು ನಿಂತಿತು. ಆದರೆ ಹಾಡೇ ನಿಂತಿತೋ, ಅಥವಾ ಒಳಗೆ ಕೇಳುತ್ತಿದ್ದು ಹೊರಗೆ ಮಾತ್ರ ಬರುತ್ತಿಲ್ಲವೋ? ಒಳಗೆ ಒಂದು ಕಿವಿ ಬೇಕಾಯಿತು. ನನಗೆ ಎರಡಿದ್ದವು.

"ಪೇರಲಹಣ್ಣು ಕೊಡ್ತೀನಿ, ಇಳಿ" ಎಂದ.

ಇಳಿದೆ. ಮುಚ್ಚಳ ಬಿತ್ತು. ಕತ್ತಲೆ, ಹಳೆಯ ಜೋಳದ ಧೂಳು, ಮಡಿಲಲ್ಲಿ ರೇಡಿಯೋ.

"ಹಾಡು ಕೇಳತೈತೇನು?" ಅಣ್ಣನ ದನಿ ಬಾವಿಯ ಮೇಲಿನಿಂದ ಬಂದಂತೆ ಬಂತು.

"ಇಲ್ಲ! ಬರೇ ಗೊರ್ ಅಂತೈತಿ!"

"ಖರೇನ?"

"ಖರೇ ಅಂದ್ರ ಖರೇ! ನನ್ನ ಮದಲ ಹೊರಗ ತಗಿಯೋ!"

ಅವನು ಸಂತೋಷದಲ್ಲಿ ಕುಣಿಯುತ್ತಿದ್ದನಂತೆ, ನನ್ನನ್ನು ಮರೆತೇಬಿಟ್ಟಿದ್ದ. ಅವ್ವ ಬಂದು ಮುಚ್ಚಳ ತೆಗೆದಾಗ ನಾನು ಹಿಟ್ಟಿನ ಗಿರಣಿಯಿಂದ ಎದ್ದು ಬಂದ ದೆವ್ವದಂತಿದ್ದೆ. ಅಣ್ಣನಿಗೆ ಬಿದ್ದ ಏಟುಗಳ ಸದ್ದು ಮಾತ್ರ ಎಲ್ಲ ಅಡೆತಡೆ ದಾಟಿ ಬೀದಿಯವರೆಗೂ ಹೋಯಿತು. ಪೇರಲಹಣ್ಣು ಇನ್ನೂ ಬರಬೇಕು. ಅಣ್ಣನ ವೃತ್ತಿಜೀವನದ ಮೊದಲ ಉಪಕರಣ ನಾನೇ ಎಂದು ಅವನ ವಿದ್ಯಾರ್ಥಿಗಳ ಮುಂದೆ ಒಮ್ಮೆ ಹೇಳಿ ಅವನ ಮುಖ ಕೆಂಪಾಗಿಸಿದ್ದೇನೆ.

ಮುಂದೆ ಅವನು ಓದಲು ರೋಣಕ್ಕೆ ಹೋದ. ಹಾಸ್ಟೆಲಿನ ಊಟ ಒಗ್ಗುತ್ತಿರಲಿಲ್ಲ, ಆದ್ದರಿಂದ ಅವ್ವ ಈ ಡಬ್ಬಿಯಲ್ಲಿ ರೊಟ್ಟಿ, ಶೇಂಗಾಚಟ್ನಿ ತುಂಬಿ, ಮೇಲೆ ಬಟ್ಟೆ ಕಟ್ಟಿ, ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದಳು. ಹೌದು, ಇದೇ ಡಬ್ಬಿ. ಜರ್ಮನ್ ಡಬ್ಬಿ. ನಮ್ಮ ಕಡೆ ಅಲ್ಯೂಮಿನಿಯಮ್ಮಿಗೆ ಜರ್ಮನ್ ಎನ್ನುತ್ತಾರೆ, ಜರ್ಮನಿಗೂ ಅದಕ್ಕೂ ಏನು ನಂಟೋ ಗೊತ್ತಿಲ್ಲ. ತುಂಬಿ ಹೋದ ಡಬ್ಬಿ ಖಾಲಿಯಾಗಿ ವಾಪಸು ಬರುತ್ತಿತ್ತು. ಒಮ್ಮೊಮ್ಮೆ ಬೇರೆ ಯಾವುದೋ ಹುಡುಗನ ಅವ್ವನ ಡಬ್ಬಿ ಬರುತ್ತಿತ್ತು. ಆಗ ಅವ್ವ ಬಸ್‌ಸ್ಟ್ಯಾಂಡಿನಲ್ಲಿ ಎಬ್ಬಿಸುತ್ತಿದ್ದ ಗದ್ದಲವನ್ನು ಆ ಕಾಲದ ಕಂಡಕ್ಟರುಗಳು ಈಗಲೂ ಮರೆತಿರಲಾರರು.

ಪಿಎಚ್.ಡಿ. ಮಾಡುವಾಗ ಅವನು ಆರಿಸಿಕೊಂಡದ್ದೂ ಡಬ್ಬಿಯನ್ನೇ. ಒಂದು ಲೋಹದ ಪೆಟ್ಟಿಗೆ ಇದೆ, ಅದಕ್ಕೆ ಒಂದು ಸಣ್ಣ ಸೀಳಿದೆ, ಹೊರಗಿನ ಅಲೆ ಆ ಸೀಳಿನಿಂದ ಎಷ್ಟು ಒಳಗೆ ನುಗ್ಗುತ್ತದೆ? ಇಷ್ಟೇ ಪ್ರಶ್ನೆ. ಇದಕ್ಕೆ ಅವನ ಯೌವನವೆಲ್ಲ ಹೋಯಿತು. ಹೇಗೆ ಲೆಕ್ಕ ಹಾಕುತ್ತೀ ಎಂದು ಕೇಳಿದ್ದೆ. ಪೆಟ್ಟಿಗೆಯನ್ನೂ ಸುತ್ತಲಿನ ಗಾಳಿಯನ್ನೂ ಚೌಕ ಚೌಕ ಮಾಡಿಕೊಳ್ಳುತ್ತಾರಂತೆ, ನಮ್ಮ ನೇಕಾರರು ಸೀರೆಯ ಅಂಚಿನ ಚಿತ್ರವನ್ನು ಚೌಕದ ಕಾಗದದಲ್ಲಿ ತುಂಬುತ್ತಾರಲ್ಲ, ಹಾಗೆ. ಆಮೇಲೆ ಪ್ರತಿ ಚೌಕವೂ ಪಕ್ಕದ ಚೌಕವನ್ನು "ನಿನ್ನಲ್ಲಿ ಏನು ಸುದ್ದಿ?" ಎಂದು ಕೇಳಿ, ಅದಕ್ಕೆ ತಕ್ಕಂತೆ ತನ್ನ ಸುದ್ದಿಯನ್ನು ತಿದ್ದಿಕೊಳ್ಳುತ್ತದಂತೆ. ಹೀಗೆ ಕೇಳುತ್ತ ಕೇಳುತ್ತ ಸುದ್ದಿ ಎಲ್ಲ ಕಡೆ ಹಬ್ಬುತ್ತದೆ.

"ಅಂದ್ರ ನಮ್ಮ ಓಣಿ ಇದ್ದಂಗ ಅನ್ರಿ" ಎಂದರು ನಮ್ಮ ಮನೆಯವರು.

ಅಣ್ಣ ಗಂಭೀರವಾಗಿ ಯೋಚಿಸಿ, "ಹೌದ್ರಿ ಮಾಂತೇಶ, ಹಂಗ. ಆದ್ರ ನಮ್ಮ ಚೌಕ ಸುಳ್ಳ ಸೇರ್ಸಂಗಿಲ್ಲ" ಎಂದ.

ಆಗಿನ ಕಂಪ್ಯೂಟರುಗಳಿಗೆ ಒಂದು ಲೆಕ್ಕ ಮುಗಿಸಲು ದಿನಗಟ್ಟಲೆ ಬೇಕಾಗುತ್ತಿತ್ತು. ಮುಗಿಯಲು ಬಂದಾಗ ಕರೆಂಟು ಹೋಗುತ್ತಿತ್ತು. ವಿದ್ಯುತ್ತಿನ ಬಗ್ಗೆ ಇಷ್ಟು ಓದಿದವನಿಗೆ ವಿದ್ಯುತ್ತು ಹೀಗೆ ಸೇಡು ತೀರಿಸಿಕೊಳ್ಳುತ್ತಿತ್ತು. ಊರಿಗೆ ಬಂದರೆ ಇನ್ನೊಂದು ಫಜೀತಿ. ಹುಡುಗ ಏನು ಮಾಡುತ್ತಾನೆ ಎಂದು ಕೇಳಿದವರಿಗೆಲ್ಲ ಅವ್ವ, "ಕರೆಂಟಿಂದು ದೊಡ್ಡ ಸಾಲಿ ಕಲ್ತಾನ" ಎಂದು ಹೇಳಿಬಿಟ್ಟಿದ್ದಳು. ಹೆಣ್ಣು ನೋಡಲು ಹೋದಾಗ ಆ ಮನೆಯ ಹಿರಿಯರು ಅವಲಕ್ಕಿ ಕೊಟ್ಟು, ಹುಡುಗಿಯನ್ನು ಕರೆಯುವುದಕ್ಕಿಂತ ಮೊದಲು ಇವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಸುಟ್ಟ ಪಂಪ್‌ಸೆಟ್ಟು ತೋರಿಸಿದರು. ಇವನು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆವರಿ, "ಇದು ಸುಟ್ಟೈತಿ" ಎಂದು ಹೇಳಿ ಬಂದ. ಆ ಹುಡುಗಿಯೇ ಮುಂದೆ ನಮ್ಮ ವೈನಿ, ಅಂದರೆ ಅತ್ತಿಗೆಯಾದಳು, ಅದನ್ನು ನೆನೆಸಿಕೊಂಡು ಈಗಲೂ ನಗುತ್ತಾಳೆ. ಇಷ್ಟು ಪ್ರಾಮಾಣಿಕ ಗಂಡು ಮತ್ತೆ ಸಿಗಲಾರ ಎಂದು ಒಪ್ಪಿದೆ ಎನ್ನುತ್ತಾಳೆ.

ಹೀಗೆ ಅಣ್ಣ ಹುಡುಗರಿಗೆ ಕಲಿಸಿದ, ಪ್ರಬಂಧ ಬರೆದ, ಬೇರೆಯವರ ಪ್ರಬಂಧ ತಿದ್ದಿದ, ತಲೆಗೂದಲು ಉದುರಿಸಿಕೊಂಡ. ವಿಮಾನ, ಉಪಗ್ರಹ, ದವಾಖಾನೆಯ ಯಂತ್ರ ಇವುಗಳೊಳಗೆ ಹೊರಗಿನ ಅಲೆ ನುಗ್ಗದಂತೆ ನೋಡಿಕೊಳ್ಳಲು ಅವನ ಲೆಕ್ಕ ಉಪಯೋಗವಂತೆ. ಅವ್ವನ ಬಾಯಲ್ಲಿ ಮಾತ್ರ ಅವನು 'ಡಬ್ಬಿ ಮಾಸ್ತರ'ನಾಗಿಯೇ ಉಳಿದ.

ಈಗ ಆ ದಿನ. ಅದರ ಹಿಂದಿನ ಸಂಜೆಯಿಂದ ಹೇಳಬೇಕು.

ಸೀಗಿ ಹುಣ್ಣಿಮೆ ಎಂದರೆ ನಮ್ಮ ಕಡೆ ಭೂಮಿತಾಯಿಗೆ ಬಸಿರು ಬಯಕೆಯ ಊಟ. ಮನೆಯವರೆಲ್ಲ ಬಗೆಬಗೆಯ ಅಡಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬನ್ನಿಮರದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಎಲ್ಲ ಅಡಿಗೆಯನ್ನೂ ಸ್ವಲ್ಪ ಸ್ವಲ್ಪ ಕಲಸಿ ಹೊಲದ ಸುತ್ತ ಚೆಲ್ಲುತ್ತ ಬರುತ್ತೇವೆ. ಅದಕ್ಕೆ ಚರಗ ಎನ್ನುತ್ತಾರೆ. ಮುಂದಿನವರು ಅನ್ನ ಚೆಲ್ಲುತ್ತ "ಹುಲ್ಲುಲ್ಲಿಗ್ಯೋ" ಎಂದು ಕೂಗಬೇಕು, ಹಿಂದಿನವರು ನೀರು ಚಿಮುಕಿಸುತ್ತ "ಚಲ್ಲಂಬ್ರಿಗ್ಯೋ" ಎನ್ನಬೇಕು. ನಮ್ಮ ಮನೆಯಲ್ಲಿ ಮುಂದೆ ಅವ್ವ, ಹಿಂದೆ ತಮ್ಮ ಬಸು. ಹೊಲ ನೋಡಿಕೊಳ್ಳುವವನು ಅವನೇ, ಅವ್ವ ಇರುವುದೂ ಅವನ ಹತ್ತಿರವೇ. ನಮ್ಮ ಮನೆತನದ್ದೇ ಒಂದು ಕಟ್ಟುನಿಟ್ಟು ಇದೆ: ಸುತ್ತು ಶುರುವಾದ ಮೇಲೆ ನಿಲ್ಲಬಾರದು, ಹಿಂದಿರುಗಬಾರದು, ಆ ಕೂಗಿನ ಹೊರತು ಬೇರೆ ಒಂದು ಮಾತೂ ಬಾಯಿಂದ ಬರಬಾರದು. ಹಿಂದೆ ಯಾವಾಗಲೋ ನಮ್ಮಪ್ಪ ನಡುವೆ ನಿಂತು ಯಾರದೋ ಎತ್ತಿನ ವ್ಯಾಪಾರ ಮಾತಾಡಿದ್ದಕ್ಕೆ ಆ ವರ್ಷದ ಜೋಳಕ್ಕೆಲ್ಲ ಕಾಡಿಗೆ ರೋಗ ಬಂತೆಂದು ಅವ್ವ ಹೇಳುತ್ತಾಳೆ. ಮಾತಿಲ್ಲದೆ ಅವ್ವ ಇರುವುದು ವರ್ಷದಲ್ಲಿ ಅಷ್ಟು ಹೊತ್ತು ಮಾತ್ರ.

ಹೋದ ವರ್ಷ ಅಣ್ಣ ಅಪರೂಪಕ್ಕೆ ಹಬ್ಬಕ್ಕೆ ಬಂದಿದ್ದ. ವೈನಿಗೆ ಪರೀಕ್ಷೆಯ ಕೆಲಸ, ಅವಳು ಬಂದಿರಲಿಲ್ಲ. ಹಿಂದಿನ ಸಂಜೆ ನಾನೂ ಬಸುವಿನ ಹೆಂಡತಿ ಗಿರಿಜಾಳೂ ಕಡುಬು ಕರಿಯುತ್ತಿದ್ದೆವು. ನಮ್ಮ ಮನೆಯವರು ಅಣ್ಣನನ್ನು ಕೆಣಕಲು ಕೂತರು. "ಪ್ರೊಫೆಸರ್ ಸಾಹೇಬ್ರ, ನಿಮ್ಮ ಡಬ್ಬಿ ವಿದ್ಯಾ ಒಂಚೂರು ನಮಗೂ ತೋರಸ್ರೆಲಾ."

ಅಣ್ಣನಿಗೆ ಅಷ್ಟು ಸಾಕು. ಈ ರೊಟ್ಟಿ ಡಬ್ಬಿಯನ್ನು ಮುಂದೆ ಎಳೆದುಕೊಂಡು, ಅವರ ಮೊಬೈಲನ್ನು ರೊಟ್ಟಿಯ ಮೇಲಿಟ್ಟು ಮುಚ್ಚಳ ಒತ್ತಿ, "ಇದು ಲೋಹದ ಪೆಟಿಗಿ. ಅಲೆ ಒಳಗ ಹೋಗಂಗಿಲ್ಲ. ಈಗ ಫೋನ್ ಹಚ್ಚು, ಸುನಂದಾ" ಎಂದ. ನಾನು ಎಣ್ಣೆಗೈಯಲ್ಲೇ ಹಚ್ಚಿದೆ. ಡಬ್ಬಿಯೊಳಗಿಂದ ಫೋನು ಇಂಪಾಗಿ ಬಾರಿಸತೊಡಗಿತು.

ಗಿರಿಜಾ ಕಡುಬು ಬಿಟ್ಟು ಸೆರಗು ಬಾಯಿಗಿಟ್ಟಳು. ಅವ್ವ ಹೊಟ್ಟೆ ಹಿಡಿದು ನಕ್ಕಳು. "ಇಷ್ಟ ವರ್ಷ ಓದಿದ್ದು ಒಂದ ಡಬ್ಬಿ. ಅದೂ ಕೈ ಕೊಡ್ತಲ್ಲೋ ಶಿವ್ಯಾ!"

"ಹಂಗಲ್ಲವ್ವಾ, ಮುಚ್ಚಳದ ಸುತ್ತ ಸಣ್ಣ ಸೀಳ ಉಳದೈತಿ. ಸೀಳು ಎಷ್ಟ ಅಗಲ ಅನ್ನೋದಕ್ಕಿಂತಾ ಎಷ್ಟ ಉದ್ದ ಅನ್ನೋದು ದೊಡ್ಡದು. ಫೋನಿನ ಅಲೆ ಗಿಡ್ಡ, ಅದಕ್ಕ ನುಸುಳತೈತಿ. ಅದ ಸಿಡ್ಲು ಬಡಿದ್ರ ಇಂಥಾ ಡಬ್ಬಿ ಮ್ಯಾಲಿಂದ ಜಾರಿ ನೆಲಕ್ಕ ಇಳದು ಹೋಗತೈತಿ, ಒಳಗಿದ್ದವರಿಗೆ ಏನೂ..."

"ಸಾಕೋ ಮಾರಾಯ. ಆ ಸೀಳಿನ್ಯಾಗ ಇರುವಿ ಹೊಕ್ಕಾವು ಅಂತ ನಾ ಬಟ್ಟಿ ಸುತ್ತತೀನಿ. ನೀ ಅದಕ್ಕ ಪಗಾರ ತಗೋತಿ."

ನಗೆಯಲ್ಲಿ ಅಣ್ಣನ ಉಳಿದ ಮಾತು ಮುಳುಗಿಹೋಯಿತು. ಅದೇ ಮಾತು ಮರುದಿನ ಬೇಕಾಗಿತ್ತು.

ಮರುದಿನ ಅಂಗಡಿಯ ವ್ಯಾನಿನಲ್ಲಿ ಹೊಲಕ್ಕೆ ಹೋದೆವು. ಸೀರೆಯ ಗಂಟು ಹೊರುವ, ಮೈಯೆಲ್ಲ ತಗಡಿನ, ಪಕ್ಕಕ್ಕೆ ಸರಿಸುವ ಕಿಟಕಿ ಗಾಜಿನ ಹಳೆಯ ವ್ಯಾನು. ಅದನ್ನು ರಸ್ತೆಯ ಮೂಲೆಯಲ್ಲಿ ನಿಲ್ಲಿಸಿದೆವು. ಅಲ್ಲಿಂದ ಹೊಲದ ಅಂಚಿಗೇ ಒಂದು ಬಂಡಿದಾರಿ, ದಾರಿಯ ಆ ತುದಿಗೆ ಬನ್ನಿಮರ. ಸುತ್ತಮುತ್ತ ಎರೆಹೊಲದಲ್ಲಿ ಮತ್ತೊಂದು ಮರವಿಲ್ಲ. ಬಿಳಿಜೋಳ ಆಗತಾನೆ ಬೆರಳೆತ್ತರ ಎದ್ದಿತ್ತು. ಪೂಜೆಯಾಯಿತು. ಅವ್ವನೂ ಬಸುವೂ ಸುತ್ತಿಗೆ ಹೊರಟರು. ಉಳಿದವರು ಮರದ ಕೆಳಗೆ ಕಂಬಳಿ ಹಾಸಿಕೊಂಡು ಅಡಿಗೆ ಕಾಯುತ್ತ ಕೂತೆವು. ಸುತ್ತು ಮುಗಿಯುವ ತನಕ ಉಣ್ಣುವಂತಿಲ್ಲವಾದ್ದರಿಂದ ನಾನು ಕಡುಬಿನ ವಾಸನೆಯನ್ನಷ್ಟೇ ಸೇವಿಸುತ್ತಿದ್ದೆ.

ಗಜೇಂದ್ರಗಡದ ಗುಡ್ಡದ ಹಿಂದಿನಿಂದ ಮೋಡ ಯಾವಾಗ ಎದ್ದಿತೋ ನನಗೆ ತಿಳಿಯಲಿಲ್ಲ. ಗುಡ್ಡದ ಮೇಲಿನ ಗಾಳಿಗಿರಣಿಗಳು ಇದ್ದಕ್ಕಿದ್ದಂತೆ ಬೆಳ್ಳಗೆ ಕಾಣತೊಡಗಿದವು, ಅವುಗಳ ಹಿಂದಿನ ಆಕಾಶ ಬದನೆಕಾಯಿಯ ಬಣ್ಣವಾಗಿತ್ತು. ಒಂದು ಗುಡುಗು ಉರುಳಿತು. ಪದವಿಯಲ್ಲಿ ಭೌತಶಾಸ್ತ್ರ ಓದಿದ್ದರೂ ನಾನು ಮರದ ಬೊಡ್ಡೆಗೆ ಇನ್ನಷ್ಟು ಒತ್ತಿ ಕೂತೆ.

ಅಣ್ಣ ಎದ್ದು ನಿಂತ. "ಏಳ್ರಿ. ಮರದ ಬುಡ ಬಿಡ್ರಿ. ವ್ಯಾನಿಗೆ ನಡೀರಿ."

"ಮಳಿ ಇನ್ನೂ ಬಂದ ಇಲ್ಲಲ್ರಿ ಭಾವಾರ" ಎಂದಳು ಗಿರಿಜಾ.

"ಮಳಿ ಬರೋತನಕ ಸಿಡ್ಲು ಕಾಯಂಗಿಲ್ಲ. ಏಳವ್ವಾ."

"ಇಷ್ಟೆಲ್ಲಾ ಅಡಿಗಿ ಬಿಟ್ಟ ಹ್ಯಾಂಗ ಹೋಗೂದ್ರಿ? ಇನ್ನೂ ನಾವೂ ಉಂಡಿಲ್ಲ, ನಾಯಿ ಬಾಯಿ ಹಾಕಿದ್ರ?"

ಅಣ್ಣ ನಮ್ಮನ್ನು ನೋಡಿದ, ಮೋಡವನ್ನು ನೋಡಿದ. ಬಗ್ಗಿ ರೊಟ್ಟಿ ಡಬ್ಬಿಯನ್ನು ಕಂಕುಳಿಗೆ ಒತ್ತಿಕೊಂಡ, ಇನ್ನೊಂದು ಕೈಯಲ್ಲಿ ಕಡುಬಿನ ಬುಟ್ಟಿ ಎತ್ತಿದ, ಓಡತೊಡಗಿದ.

ಉಪನ್ಯಾಸ ಕೊಟ್ಟಿದ್ದರೆ ನಾವು ಕೂತು ಕೇಳುತ್ತಿದ್ದೆವು. ಅಡಿಗೆಯೇ ಓಡತೊಡಗಿದ ಮೇಲೆ ಕೂಡುವುದು ಹೇಗೆ? "ಅಯ್ಯ, ಭಾವಾರ! ಕಡಬು ಮುರೀತಾವ್ರಿ!" ಎಂದು ಗಿರಿಜಾ ಪಲ್ಯದ ಪಾತ್ರೆ ಹಿಡಿದು ಬೆನ್ನುಹತ್ತಿದಳು. ನಮ್ಮ ಮನೆಯವರು ಮೊಸರಿನ ಗಡಿಗೆ ಎತ್ತಿಕೊಂಡು ಓಡಿದರು. ನಾನೂ ಓಡಿದೆ. ಓಡುತ್ತ ಓಡುತ್ತ ಪೂಜೆಗೆಂದು ಬಿಚ್ಚಿಟ್ಟ ಹೊಸ ಚಪ್ಪಲಿ ನೆನಪಾಗಿ ತಿರುಗಿ ನಿಂತೆ. ಒಂದೆರಡು ಹೆಜ್ಜೆ ಮರದ ಕಡೆಗೆ ಹಾಕಿಯೂ ಹಾಕಿದೆ. ಅಷ್ಟರಲ್ಲಿ ಮುಂದೆ ಧಡ್ ಎಂದು ಸದ್ದು. ಅಣ್ಣ ಬಂಡಿಯ ಜಾಡಿನಲ್ಲಿ ಕಾಲು ಹೊರಳಿ, ಡಬ್ಬಿಯ ಮೇಲೆಯೇ ಬಿದ್ದಿದ್ದ. ಅವನನ್ನು ಎಬ್ಬಿಸಲು ನಾನು ಮತ್ತೆ ಈ ಕಡೆ ಓಡಿ ಬಂದೆ. ಆಮೇಲೆ ಅವ್ವನಿಂದ ಬೇಡಿ ತಂದು ನನ್ನ ಅಡಿಗೆಮನೆಯಲ್ಲಿಟ್ಟುಕೊಂಡ ಡಬ್ಬಿಯ ನೆಗ್ಗು ಇದು. ನನ್ನ ಹಗಲುಗನಸಿನಲ್ಲಿ ಮಾತ್ರ ಅಣ್ಣ ಬೀಳುವುದಿಲ್ಲ, ನಾನು ಚಪ್ಪಲಿಯವರೆಗೂ ಹೋಗುತ್ತೇನೆ. ಫಟ್ಟೆಂದು ಸೀರೆ ಬಿಚ್ಚಿಕೊಂಡಾಗಲೆಲ್ಲ ನಾನು ಅಲ್ಲಿ ಬಗ್ಗಿ ಚಪ್ಪಲಿ ಹುಡುಕುತ್ತಿರುತ್ತೇನೆ.

ನಾವು ವ್ಯಾನು ಮುಟ್ಟಿದಾಗ ಅವ್ವನೂ ಬಸುವೂ ಮೂರು ಬದು ಮುಗಿಸಿ ಅದೇ ಮೂಲೆಗೆ ಬರುತ್ತಿದ್ದರು. ಬಟ್ಟಬಯಲಿನಲ್ಲಿ ಇಬ್ಬರೇ ಎತ್ತರ. ಬಸುವಿನ ಕೈಯಲ್ಲಿ ತಾಮ್ರದ ತಂಬಿಗೆ. ಉಳಿದದ್ದು ನಾವು ಓಡಿ ಬಂದ ಬಂಡಿದಾರಿಯ ಬದು ಒಂದೇ, ಅದರ ತುದಿಗೆ ಮರ. ಅವ್ವ ನಮ್ಮ ಕಡೆ ಕಣ್ಣು ಸಹ ಹಾಯಿಸದೆ ಅತ್ತ ತಿರುಗಿದಳು.

"ಅವ್ವಾ, ಒಳಗ ಬಾ" ಎಂದ ಅಣ್ಣ, ಅವಳ ಪಕ್ಕದಲ್ಲೇ ನಡೆಯುತ್ತ.

"ಹುಲ್ಲುಲ್ಲಿಗ್ಯೋ" ಎಂದಳು ಅವ್ವ. ಆಗುವುದಿಲ್ಲ ಎಂದು ಅರ್ಥ.

"ಸಿಡ್ಲು ಹತ್ರ ಬರಾಕ ಹತ್ತೈತಿ. ವ್ಯಾನು ತಗಡಿನ ಪೆಟಿಗಿ, ಅದರಾಗ ಏನೂ ಆಗಂಗಿಲ್ಲ."

ಅವ್ವ ಅವನ ಕಂಕುಳಲ್ಲಿದ್ದ ನೆಗ್ಗಿದ ಡಬ್ಬಿಯ ಕಡೆ ಬೆರಳು ತೋರಿಸಿದಳು. ಆಮೇಲೆ ಆ ಕೈಯನ್ನು ಫೋನಿನಂತೆ ಕಿವಿಗಿಟ್ಟುಕೊಂಡಳು. "ಹುಲ್ಲುಲ್ಲಿಗ್ಯೋ!" ನಿನ್ನ ಪೆಟ್ಟಿಗೆಯ ಬಂಡವಾಳ ನಿನ್ನೆ ನೋಡಿದ್ದೇನೆ ಹೋಗು.

ಮಿಂಚು ಕಣ್ಣು ಕುಕ್ಕಿತು. ಬಸು ತಾಯಿಯನ್ನು ಬಿಟ್ಟು ಬರಲಾರ, ಮಾತಾಡಲಾರ, ಒದ್ದಾಡುತ್ತ "ಚಲ್ಲಂಬ್ರಿಗ್ಯೋ" ಎನ್ನುತ್ತಿದ್ದ. ನಾನು ವ್ಯಾನಿನ ಬಾಗಿಲಲ್ಲಿ ನಿಂತು ಅತ್ತೆನೋ ಕೂಗಿದೆನೋ ನೆನಪಿಲ್ಲ. ಎತ್ತಿಕೊಂಡು ಬಾ ಎಂದೆ. ಎತ್ತಿಕೊಂಡರೆ ಸುತ್ತು ಮುರಿದಂತೆ, ಅದಾದ ಮೇಲೆ ಅವ್ವ ನಮ್ಮೊಂದಿಗೆ ಎಷ್ಟು ವರ್ಷ ಮಾತು ಬಿಡುತ್ತಿದ್ದಳೋ. ಅಣ್ಣ ಅವಳ ಮುಂದೆ ಹಿಂದೆ ಹೆಜ್ಜೆ ಹಾಕುತ್ತ ಅವಳ ಕಾಲನ್ನೇ ನೋಡಿದ. ಆ ಮುಖ ನನಗೆ ಗೊತ್ತು. ಎಮ್ಮೆಯ ಹಿಂದೆ ರೇಡಿಯೋ ಹಿಡಿದು ನಿಂತ ಮುಖ.

"ಅವ್ವಾ, ನಿಲ್ಲಬಾರದು ಅಂತೈತಿ. ಹೊಳ್ಳಬಾರದು, ಮಾತಾಡಬಾರದು ಅಂತೈತಿ. ಕಾಲೀಲೆ ನಡೀಬೇಕು ಅಂತ ಯಾರ ಹೇಳ್ಯಾರು?"

ಅವ್ವನ ಹೆಜ್ಜೆ ನಿಧಾನವಾಯಿತು.

"ವ್ಯಾನಿನ್ಯಾಗ ಕುಂದ್ರು. ಗಾಡಿ ಇದ ದಾರೀಲೆ ಹೋಗತೈತಿ, ನೀ ಒಳಗಿಂದ ಚೆಲ್ಲು. ಸುತ್ತು ನಿಲ್ಲಂಗಿಲ್ಲ. ಮಾಂತೇಶ, ಗಾಡಿ ತರ್ರಿ! ನಿಲ್ಲಿಸಬ್ಯಾಡ್ರಿ, ಮೆಲ್ಲಕ ಉರುಳ್ಳಿ!"

ನಮ್ಮ ಮನೆಯವರು ಉರುಳುವ ವ್ಯಾನನ್ನು ಅವರ ಪಕ್ಕಕ್ಕೆ ತಂದರು. ಅವ್ವ ಚರಗದ ಬುಟ್ಟಿ ಬಿಡದೆ, ಒಂದು ಕ್ಷಣವೂ ನಿಲ್ಲದೆ, ಚಲಿಸುವ ಬಸ್ಸು ಹತ್ತಿ ರೂಢಿಯಿದ್ದವಳಂತೆ ಹತ್ತಿಬಿಟ್ಟಳು. ಬಸು ಹತ್ತಿದ. ಅಣ್ಣ ಕೊನೆಗೆ ಹತ್ತಿ ಬಾಗಿಲು ಎಳೆದ. "ಎಲ್ಲಾ ಗ್ಲಾಸ್ ಹಾಕ್ರಿ. ಬಾಗಿಲ ತಗಡಾ ಯಾರೂ ಮುಟ್ಟಬ್ಯಾಡ್ರಿ. ತಂಬಗಿ ಕೆಳಗಿಡು ಬಸು."

ಅವ್ವ ಬಲಗಡೆಯ ಕಿಟಕಿಗೆ ಕೂತಿದ್ದಳು, ಹೊಲ ಆ ಕಡೆಗಿತ್ತು. ಮುಚ್ಚಿದ ಗಾಜನ್ನೂ ಕೈಯಲ್ಲಿದ್ದ ಅನ್ನವನ್ನೂ ನೋಡಿ ಅಣ್ಣನ ಕಡೆ ತಿರುಗಿದಳು. ಗಾಜು ಮುಚ್ಚಿದರೆ ಚೆಲ್ಲುವುದು ಎಲ್ಲಿಂದ?

ಒಂದು ಪೆಟ್ಟಿಗೆ ಇದೆ, ಅದಕ್ಕೊಂದು ಸೀಳು ಬೇಕು. ಎಷ್ಟು? ಪ್ರೊಫೆಸರು ಜೀವನವೆಲ್ಲ ಕೇಳಿಕೊಂಡ ಪ್ರಶ್ನೆಯನ್ನೇ ಅವ್ವ ಕಣ್ಣಿನಲ್ಲಿ ಕೇಳುತ್ತಿದ್ದಳು. ಅಣ್ಣ ಮುಂದಿನ ಸೀಟಿನಿಂದ ಬಗ್ಗಿ ಗಾಜನ್ನು ಸ್ವಲ್ಪ ಸರಿಸಿದ, ತನ್ನ ಬೆರಳಿಟ್ಟು ನೋಡಿದ. "ನಾಕ ಬೆರಳು. ಕೈ ಹೊರಗ ಹೋಗಬಾರದು."

ವ್ಯಾನು ಆಮೆಯಂತೆ ಹೊರಟಿತು. ಅವ್ವ ನಾಲ್ಕು ಬೆರಳಿನ ಸಂದಿಯಿಂದ ಚರಗ ಜಾರಿಸಿದಳು, "ಹುಲ್ಲುಲ್ಲಿಗ್ಯೋ." ನಾವೆಲ್ಲ "ಚಲ್ಲಂಬ್ರಿಗ್ಯೋ" ಎಂದೆವು. ತಗಡಿನೊಳಗೆ ಆ ಕೂಗು ಎಷ್ಟು ದೊಡ್ಡದಾಯಿತೆಂದರೆ ನನಗೆ ನರಗುಂದದ ಕಣಜ ನೆನಪಾಯಿತು. ದಪ್ಪ ಹನಿ ಬೀಳತೊಡಗಿತು. ಬಸು ನೀರು ಚಿಮುಕಿಸುವುದು ಹೇಗೆಂದು ತಂಬಿಗೆಯನ್ನು ಕಾಲಿನಲ್ಲಿ ತೋರಿಸಿದ. ಅವ್ವ ಮೇಲಕ್ಕೆ ಬೆರಳು ಮಾಡಿದಳು: ಚಿಮುಕಿಸುವವನು ಬಂದಿದ್ದಾನೆ, ನೀನು ಸುಮ್ಮನಿರು. ಗಿರಿಜಾಳಿಗೆ ನಗೆ ತಡೆಯಲಾಗಲಿಲ್ಲ. ನನಗೂ ಬಂತು. ಖರೇ ಹೇಳುತ್ತೇನೆ, ಅದು ಬಂದಾಗ ನಾವು ನಗುತ್ತಿದ್ದೆವು.

ಸದ್ದು ಎನ್ನಲೋ, ಬೆಳಕು ಎನ್ನಲೋ. ವ್ಯಾನಿನೊಳಗೆ ಎಲ್ಲರ ಮುಖ ಸುಣ್ಣ ಬಳಿದಂತೆ ಬೆಳ್ಳಗಾದದ್ದು ಕಂಡಿತು, ಆಮೇಲೆ ಏನೂ ಕಾಣಲಿಲ್ಲ. ಕಾಲ ಕೆಳಗಿನ ತಗಡು ನಡುಗಿತು. ವ್ಯಾನು ನಿಂತುಬಿಟ್ಟಿತು. ಗಾಜಿನ ಆಚೆ, ನಾವು ಹೋಗುತ್ತಿದ್ದ ದಾರಿಯ ತುದಿಯಲ್ಲಿ, ಬನ್ನಿಮರದ ನೆತ್ತಿಯಿಂದ ಬುಡದವರೆಗೆ ಒಂದು ಬಿಳಿಯ ಪಟ್ಟೆ ಎದ್ದಿತ್ತು, ಸಿಪ್ಪೆ ಸುಲಿದ ಕಬ್ಬಿನಂತೆ. ಅದರಿಂದ ಹೊಗೆ.

ನನ್ನ ಕಿವಿಯಲ್ಲಿ ಬರೇ ಗೊರ್ ಎನ್ನುತ್ತಿತ್ತು. ನಮ್ಮ ಮನೆಯವರ ಕೈ ಸ್ಟೇರಿಂಗಿಗೆ ಅಂಟಿಕೊಂಡಿತ್ತು.

"ಹುಲ್ಲುಲ್ಲಿಗ್ಯೋ" ಎಂದಳು ಅವ್ವ. ದನಿ ಇಷ್ಟೇ ಇಷ್ಟು. ಸಂದಿಯ ಹತ್ತಿರ ಹಿಡಿದ ಅನ್ನ ಮಡಿಲಿಗೇ ಬಿತ್ತು. ಬಸು ಬಾಯಿ ತೆರೆದ, ದನಿ ಹೊರಡಲಿಲ್ಲ. ನನಗಂತೂ ಬಾಯಿ ಎಲ್ಲಿದೆ ಎಂಬುದೇ ಮರೆತಿತ್ತು. ಸುತ್ತು ಅಲ್ಲಿಗೆ ಮುರಿಯಬೇಕಿತ್ತು.

"ಚಲ್ಲಂಬ್ರಿಗ್ಯೋ!"

ಅಣ್ಣ. ರೋಣಕ್ಕೆ ಓದಲು ಹೋದಂದಿನಿಂದ ಈ ಕೂಗು ಹಾಕಲು ನಾಚುತ್ತಿದ್ದವನು, ನಾವು ಕೂಗುವಾಗ ಕನ್ನಡಕ ಒರೆಸುತ್ತ ನಿಲ್ಲುತ್ತಿದ್ದವನು, ಗಂಟಲು ಹರಿಯುವಂತೆ ಕೂಗಿದ. ಕನ್ನಡಕ ಎಲ್ಲೋ ಬಿದ್ದಿತ್ತು. ಕಣ್ಣಿಂದ ನೀರು ಇಳಿಯುತ್ತಿತ್ತು. ಅವ್ವ ಮಡಿಲಿನ ಅನ್ನ ಬಳಿದುಕೊಂಡು ಸಂದಿಯಿಂದ ಹೊರಗೆ ಜಾರಿಸಿದಳು. "ನಿಲ್ಲಿಸಬ್ಯಾಡ್ರಿ ಮಾಂತೇಶ, ಉರುಳ್ಳಿ" ಎಂದ ಅಣ್ಣ. ವ್ಯಾನು ಒಂದು ಮಾರು ಮುಂದೆ, ಒಂದು ಮಾರು ಹಿಂದೆ ಉರುಳುತ್ತ, ಅಂತೂ ನಿಲ್ಲದೆ, ಮೋಡ ದಾಟುವವರೆಗೂ ಅಲ್ಲೇ ತೊಟ್ಟಿಲಂತೆ ತೂಗಿತು. ನಿಂತದ್ದೂ ಹಿಂದಕ್ಕೆ ಹೋದದ್ದೂ ಗಾಡಿ, ನಾನಲ್ಲ ಎಂದು ಅವ್ವ ಆಮೇಲೆ ತೀರ್ಮಾನ ಕೊಟ್ಟಳು.

ಬಿಸಿಲು ಬಿದ್ದ ಮೇಲೆ ಅವ್ವ ಇಳಿದು ಉಳಿದ ನಾಲ್ಕು ಹೆಜ್ಜೆ ಮುಗಿಸಿದಳು. ನಾನು ಕೂತಿದ್ದ ಕಂಬಳಿಯಲ್ಲಿ ಕೈಯುದ್ದದ ಮರದ ಸಿಬಿರು ನೆಟ್ಟಿತ್ತು. ಕಂಬಳಿ ದಾಟಿ ನೆಲಕ್ಕೆ ಇಳಿದಿತ್ತು. ಚಪ್ಪಲಿ ಮಾತ್ರ ಇಟ್ಟಲ್ಲೇ ಇದ್ದವು, ಜೋಡಿಯಾಗಿ, ಯಾರೋ ಹಾಕಿಕೊಂಡು ನಿಂತ ಹಾಗೆ. ನಾನು ಅವುಗಳನ್ನು ಮತ್ತೆ ಮೆಟ್ಟಲಿಲ್ಲ.

ಅವ್ವ ಐದು ಕಲ್ಲಿಗೆ ಕೈಮುಗಿದು, ಸುತ್ತು ಮುಗಿದ ಮೇಲಿನ ಮೊದಲ ಮಾತಾಡಿದಳು. ಅಣ್ಣನ ಕಡೆ ತಿರುಗಿ, "ಡಬ್ಬಿ ನೆಗ್ಗಿಸಿದಿ. ರೊಟ್ಟಿ ಮೆತ್ತಗಾಗಿರ್ತಾವು" ಎಂದಳು. ಆಮೇಲೆ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ನೋಡಲಾಗದೆ ನಾವೆಲ್ಲ ಕಡುಬು ಎಣಿಸುವವರಂತೆ ಬುಟ್ಟಿಗೆ ಬಗ್ಗಿದೆವು.

ಸಂಜೆ ನಾನು ಅಣ್ಣನನ್ನು ಕೇಳಿದೆ. "ನಾಕ ಬೆರಳು ಅಂದಿಯಲ್ಲ, ಅದ್ಯಾವ ಲೆಕ್ಕ?"

"ಸಿಡ್ಲಿಗೆ ಅಷ್ಟ ಸೀಳು ಲೆಕ್ಕಕ್ಕಿಲ್ಲ" ಎಂದ. "ಕಡುಬಿನ ಚೂರು ಹೊರಗ ಹೋಗಬೇಕು, ಅವ್ವನ ಕೈಯಾಗಿನ ಬಳಿ ಹೊರಗ ಹೋಗಬಾರದು. ಅಷ್ಟ ನೋಡಿದೆ."

ಈ ವರ್ಷದ ಸೀಗಿ ಹುಣ್ಣಿಮೆಗೂ ಅಣ್ಣ ಬಂದ. ಇನ್ನು ಕೆಲವೇ ತಿಂಗಳಿಗೆ ಅವನ ನಿವೃತ್ತಿ. ಆಕಾಶದಲ್ಲಿ ಮೋಡದ ಒಂದು ಎಳೆಯೂ ಇರಲಿಲ್ಲ. ಬನ್ನಿಮರ ಒಂದು ಮಗ್ಗುಲಿಗೆ ಚಿಗುರಿದೆ. ಪೂಜೆ ಅಲ್ಲೇ ಮಾಡಿದೆವು, ಕಂಬಳಿ ಮಾತ್ರ ದೂರದ ಬಯಲಿನಲ್ಲಿ ಹಾಸಿದೆವು. ಅವ್ವ, ಬಸು ಮೂರು ಬದು ಮುಗಿಸಿ ರಸ್ತೆಯ ಮೂಲೆಗೆ ಬಂದರು. ನಾಲ್ಕನೆಯದಕ್ಕೆ ಹೊರಳುವ ಬದಲು ಅವ್ವ ನಡೆಯುತ್ತಲೇ ವ್ಯಾನಿನ ತಗಡಿಗೆ ಬುಟ್ಟಿಯಿಂದ ಡಬಡಬ ಬಡಿದಳು. ಏನೆಂದು ಕೇಳುವಂತಿಲ್ಲ, ಹೇಳುವಂತಿಲ್ಲ. ನಮ್ಮ ಮನೆಯವರು ಓಡಿಹೋಗಿ ಗಾಡಿ ಶುರು ಮಾಡಿದರು, ನಾವೆಲ್ಲ ನಮ್ಮ ನಮ್ಮ ಜಾಗಕ್ಕೆ ಹತ್ತಿದೆವು. ಸುಡುವ ಬಿಸಿಲಿನಲ್ಲಿ ಗಾಜು ಮುಚ್ಚಿಕೊಂಡು, ಬೆವರುತ್ತ, ತಗಡು ಮುಟ್ಟದೆ, ಕೈ ತೊಡೆಯ ಮೇಲಿಟ್ಟುಕೊಂಡು ಕೂತೆವು.

ಅವ್ವ ಕಿಟಕಿಯ ಗಾಜು ಸರಿಸಿ, ಸಂದಿಗೆ ತನ್ನ ನಾಲ್ಕು ಬೆರಳು ಅಡ್ಡ ಇಟ್ಟು ಅಳೆದಳು. ಸರಿಯಿದೆಯೇ ಎಂದು ಅಣ್ಣನ ಮುಖ ನೋಡಿದಳು. ಅಣ್ಣ ಕನ್ನಡಕ ಏರಿಸಿಕೊಂಡು, ವಿದ್ಯಾರ್ಥಿಯ ಪ್ರಬಂಧಕ್ಕೆ ಬಗ್ಗಿದಂತೆ ಬಗ್ಗಿ, ತನ್ನ ಬೆರಳನ್ನೂ ಇಟ್ಟು ನೋಡಿ, "ಒಂದೆಳಿ ಹೆಚ್ಚಾಗೇತವ್ವಾ" ಎಂದು ಗಾಜನ್ನು ಕೂದಲಷ್ಟು ಒಳಕ್ಕೆ ಸರಿಸಿದ.

ಅವ್ವ ಅವನನ್ನು ದುರುಗುಟ್ಟಿ ನೋಡಿದಳು.

"ಹುಲ್ಲುಲ್ಲಿಗ್ಯೋ!" ಎಂದಳು. ಅದರ ಅರ್ಥ ಎಲ್ಲರಿಗೂ ಆಯಿತು. ಮೊದಲು ಉತ್ತರ ಕೊಟ್ಟವನು ಅಣ್ಣನೇ.